ಬಾಗಿಲು ಮುಚ್ಚಿದರೂ ಸಂಘದ ಹಾಜರಿ ನಿಲ್ಲದಿರಲಿ

ಮನುಷ್ಯ ಸಂಘಜೀವಿ ಎಂಬ ಮಾತನ್ನು ನೀವು ಶಾಲೆಯಲ್ಲಿಯೇ ಓದಿದ್ದೀರಿ. ಆದರೆ ಸಂಘವೂ ಒಂದು ಔಷಧ, ಅದನ್ನು ಥಟ್ಟನೆ ನಿಲ್ಲಿಸಿದರೆ ದೇಹಕ್ಕೂ ಮನಸ್ಸಿಗೂ ಪೆಟ್ಟು ಬೀಳುತ್ತದೆ ಎಂದರೆ ನಂಬುತ್ತೀರಾ? ನಂಬಲೇಬೇಕಾದ ಕಾಲವೊಂದು ನಮ್ಮ ಕಣ್ಣೆದುರೇ ಬಂದು ಹೋಯಿತು. 2020ರ ಮಾರ್ಚ್ 25ರಂದು ಯುಗಾದಿ. ಬೇವು-ಬೆಲ್ಲ ಹಂಚಬೇಕಾದ ಆ ದಿನವೇ ಕೊರೋನಾ ಕಾರಣದಿಂದ ಇಡೀ ದೇಶಕ್ಕೆ ಬೀಗ ಬಿತ್ತು. 21 ದಿನ ಎಂದು ಸಾರಿದ ನಿರ್ಬಂಧ ಮೇ ತಿಂಗಳ ಕೊನೆಯವರೆಗೂ ಬೆಳೆಯಿತು. ಎರಡನೆಯ ಅಲೆ ಬಂದಾಗ, 2021ರ ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ, ಕರ್ನಾಟಕದಲ್ಲಿ ಮತ್ತೆ ಅದೇ ಸ್ಥಿತಿ.

ಆಗ ಪೇಟೆ, ಶಾಲೆ, ಬಸ್ಸು ನಿಂತದ್ದು ಎಲ್ಲರ ಕಣ್ಣಿಗೂ ಬಿತ್ತು. ಸದ್ದಿಲ್ಲದೆ ನಿಂತದ್ದು ಇನ್ನೊಂದಿತ್ತು. ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಊರುಗಳಲ್ಲಿ ಸ್ತ್ರೀಶಕ್ತಿ ಗುಂಪಿನ ವಾರದ ಸಭೆ, ಯುವಕ ಮಂಡಳದ ಶ್ರಮದಾನ, ಗುಡಿಯ ಭಜನೆ, ಸಂಜೆ ಕಟ್ಟೆಯ ಮೇಲೆ ಸೇರುವ ಹಿರಿಯರ ಮಾತುಕತೆ ಎಲ್ಲ ನಿಂತವು. ಹುಬ್ಬಳ್ಳಿ-ಧಾರವಾಡದ ರೋಟರಿ, ಲಯನ್ಸ್ ಕ್ಲಬ್ಬುಗಳ ಸಭೆಗಳಿಗೂ ಇದೇ ಗತಿಯಾಯಿತು. ಇವನ್ನು 'ಅಗತ್ಯ ಸೇವೆ' ಎಂದು ಯಾರೂ ಪಟ್ಟಿ ಮಾಡಿರಲಿಲ್ಲ. ವೈದ್ಯನಾಗಿ ನಾನು ಹೇಳುವುದಾದರೆ, ಇವೂ ಅಗತ್ಯ ಸೇವೆಗಳೇ.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಹಾಗಾದರೆ ಈ ಮಾತು ಈಗೇಕೆ ಎನ್ನುತ್ತೀರಾ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಇಂಥ ರೋಗ ಇನ್ನೊಮ್ಮೆ ಬಾರದು ಎಂದು ಯಾವ ವೈದ್ಯನೂ ಭರವಸೆ ಕೊಡಲಾರ. ಬಾವಿಯನ್ನು ಈಗಲೇ ತೋಡಿಡೋಣ.

ಸಂಘ ಹೇಗೆ ಔಷಧವಾಗುತ್ತದೆ?

2010ರಲ್ಲಿ ಅಮೆರಿಕದ ಸಂಶೋಧಕರು 148 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ 3 ಲಕ್ಷಕ್ಕೂ ಹೆಚ್ಚು ಜನರ ವಿವರಗಳಿದ್ದವು. ನೆಂಟರು, ಗೆಳೆಯರು, ಸಂಘಸಂಸ್ಥೆಗಳೊಂದಿಗೆ ಗಟ್ಟಿಯಾದ ನಂಟು ಉಳ್ಳವರು, ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಂಭವ ಒಂಟಿಗರಿಗಿಂತ ಶೇ 50ರಷ್ಟು ಹೆಚ್ಚಾಗಿತ್ತು. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಅವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದೇ ಎಚ್ಚರಿಸಿದರು. ಮುಂದೆ ಅವರೂ ಮುಖ್ಯಸ್ಥರಲ್ಲಿ ಒಬ್ಬರಾಗಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ವರದಿ ಕೊಟ್ಟಿತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಾರೆ, ವರ್ಷಕ್ಕೆ 8 ಲಕ್ಷ 71 ಸಾವಿರಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆ ಎಂಬುದು ಆ ವರದಿಯ ಅಂದಾಜು.

ಇದು ಹೇಗೆ ಸಾಧ್ಯ? ಒಂಟಿತನ ಬಹುಕಾಲ ಉಳಿದರೆ ಶರೀರ ಅದನ್ನು ಅಪಾಯವೆಂದೇ ಭಾವಿಸುತ್ತದೆ. ಒತ್ತಡದ ಹಾರ್ಮೋನುಗಳು ಹೆಚ್ಚುತ್ತವೆ. ನಿದ್ರೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ಸಕ್ಕರೆ ಹತೋಟಿ ತಪ್ಪುತ್ತದೆ. ಒಂಟಿಯಾದವರು ಊಟ, ನಡಿಗೆ, ಗುಳಿಗೆಗಳ ವೇಳೆ ತಪ್ಪಿಸುವುದೂ ಹೆಚ್ಚು. ತಂಬಾಕು, ಸೆರೆಗಳ ಚಟವೂ ಅಂಥ ಹೊತ್ತಿನಲ್ಲೇ ಬಲಿಯುತ್ತದೆ.

ಸಭೆಯ ನಿಜವಾದ ಕೆಲಸ ಯಾವುದು?

ಸಂಘದ ಸಭೆ ಎಂದರೆ ಉಳಿತಾಯದ ಹಣ, ಸಾಲದ ಕಂತು, ಠರಾವು, ಚಹಾ ಎಂದಷ್ಟೇ ನೀವು ತಿಳಿದಿರಬಹುದು. ಸಭೆಯ ಮೊದಲ ಐದು ನಿಮಿಷದಲ್ಲಿ ನಡೆಯುವ ಕೆಲಸವನ್ನು ಗಮನಿಸಿ. ಹಾಜರಿ ಪುಸ್ತಕ ತೆರೆಯುತ್ತಾರೆ, ಒಬ್ಬರ ಹೆಸರಿನ ಮುಂದೆ ಸಹಿ ಬೀಳುವುದಿಲ್ಲ. 'ಆಕಿ ಇವತ್ತ ಯಾಕ ಬಂದಿಲ್ಲ?' ಎಂದು ಯಾರೋ ಕೇಳುತ್ತಾರೆ. 'ಮೂರು ದಿನದಿಂದ ಜ್ವರ ಅಂತ' ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಸಭೆ ಮುಗಿದೊಡನೆ ಇಬ್ಬರು ಅವರ ಮನೆಗೆ ಹೋಗಿ ಬರುತ್ತಾರೆ.

ಓದುಗರೇ, ಆ ಒಂದು ಪ್ರಶ್ನೆಯೇ ರೋಗಪತ್ತೆಯ ಮೊದಲ ಮೆಟ್ಟಿಲು. ಸರ್ಕಾರ 2000-01ರಲ್ಲಿ ಆರಂಭಿಸಿದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳಲ್ಲಿ ಸಾಮಾನ್ಯವಾಗಿ 15ರಿಂದ 20 ಮಹಿಳೆಯರಿರುತ್ತಾರೆ. ಎಂದರೆ ವಾರಕ್ಕೊಮ್ಮೆ 15-20 ಕುಟುಂಬಗಳ ಕ್ಷೇಮಸಮಾಚಾರ ತಾನಾಗಿಯೇ ಒಂದೆಡೆ ಸೇರುತ್ತದೆ. ಸಭೆ ನಿಂತಾಗ ನಷ್ಟವಾದದ್ದು ಚಹಾ, ಹರಟೆಗಳಷ್ಟೇ ಅಲ್ಲ. 'ಯಾಕ ಬಂದಿಲ್ಲ' ಎಂದು ಕೇಳುವವರೇ ಇಲ್ಲವಾದರು.

ಅದರ ಪರಿಣಾಮವನ್ನು ನನ್ನಂಥ ವೈದ್ಯರು ನಿತ್ಯವೂ ಕಂಡೆವು. ಬಸ್ಸಿಲ್ಲವೆಂದು ರಕ್ತದೊತ್ತಡದ ಗುಳಿಗೆ ಬಿಟ್ಟವರು ಪಾರ್ಶ್ವವಾಯು ಹೊಡೆದ ಮೇಲೆ ಬಂದರು. ಕಾಲಿನ ಗಾಯವನ್ನು ಮುಚ್ಚಿಟ್ಟುಕೊಂಡ ಸಕ್ಕರೆ ಕಾಯಿಲೆಯವರು ಗಾಯ ಕೊಳೆತ ಮೇಲೆ ಬಂದರು. ಕ್ಷಯರೋಗದ ಲೆಕ್ಕವನ್ನೇ ನೋಡಿ. 2019ರಲ್ಲಿ ದೇಶದಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರೆ 2020ರಲ್ಲಿ ದಾಖಲಾದವರು ಸುಮಾರು 18 ಲಕ್ಷ ಮಾತ್ರ. ರೋಗ ಕಡಿಮೆಯಾಗಿ ಸಂಖ್ಯೆ ಇಳಿದದ್ದಲ್ಲ, ಕೆಮ್ಮುತ್ತಿದ್ದವರು ಮನೆಯಲ್ಲೇ ಉಳಿದರು.

ಕೋವಿಡ್‌ನದು ಇನ್ನೊಂದು ಮೋಸದ ಗುಣ. ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದರೂ ಕೆಲವರಿಗೆ ದಮ್ಮು ಕಟ್ಟಿದ ಅನುಭವವೇ ಆಗುತ್ತಿರಲಿಲ್ಲ. 'ಬರೇ ಸುಸ್ತು' ಎಂದು ಮಲಗಿದವರನ್ನು ಎಬ್ಬಿಸಿ ವಿಚಾರಿಸುವವರು ಬೇಕಿತ್ತು.

ಎಲ್ಲ ರೋಗಕ್ಕೂ ಸಭೆ ನಿಲ್ಲಿಸಬೇಕೇ?

ಬೇಕಿಲ್ಲ. ರೋಗ ಹೇಗೆ ಹರಡುತ್ತದೆ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಹಿರಿಯರಿಗೂ ಇದರ ಅನುಭವವಿತ್ತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಕಾಣಿಸಿತು. ಪ್ಲೇಗ್ ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಗಡ್ಡೆಯ ಪ್ಲೇಗ್ ಹರಡುವುದು ಇಲಿಗಳ ಮೈಮೇಲಿನ ಚಿಗಟದಿಂದ. ಆದ್ದರಿಂದ ಇಲಿ ಬಿದ್ದ ಮನೆಯಿಂದ ದೂರ ಹೋದದ್ದು ಸರಿಯಾದ ಉಪಾಯವೇ ಆಗಿತ್ತು.

1918ರ ಇನ್‌ಫ್ಲುಯೆಂಜಾ ಹಾಗಲ್ಲ, ಅದು ಉಸಿರಿನಿಂದ ಉಸಿರಿಗೆ ಹರಡಿತು. ಭಾರತದಲ್ಲಿ ಅದರಿಂದ ಸತ್ತವರು 1 ಕೋಟಿ 20 ಲಕ್ಷಕ್ಕೂ ಹೆಚ್ಚು ಎಂಬುದು ಸಾಮಾನ್ಯ ಅಂದಾಜು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ರಾಜಧಾನಿಯಲ್ಲಿ ಎನ್.ಎಂ. ಜೋಶಿಯವರು 1911ರಲ್ಲಿ ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗ್‌ನ ಸ್ವಯಂಸೇವಕರು ಆ ಸಂಕಟದಲ್ಲಿ ರೋಗಿಗಳ ನೆರವಿಗೆ ನಿಂತರು. ನಮ್ಮ ನೆಲದ್ದೇ ಉದಾಹರಣೆ ಬೇಕಿದ್ದರೆ, 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿ ಹುಬ್ಬಳ್ಳಿಯಿಂದ ಬೆಳೆಸಿದ ನಾ.ಸು. ಹರ್ಡೀಕರರು ವೃತ್ತಿಯಿಂದ ವೈದ್ಯರೇ. ಸೇವೆಗೂ ಆರೋಗ್ಯಕ್ಕೂ ಈ ನಾಡಿನಲ್ಲಿ ಹಳೆಯ ನಂಟಿದೆ.

ನೀವು ತಿಳಿದಿರಬೇಕಾದದ್ದು ಇಷ್ಟು:

ಕೋವಿಡ್, ಇನ್‌ಫ್ಲುಯೆಂಜಾ, ದಡಾರ ಗಾಳಿಯಿಂದ, ಉಸಿರಿನ ಹನಿಗಳಿಂದ ಹರಡುತ್ತವೆ. ಇವು ಊರಿಗೆ ನುಗ್ಗಿದಾಗ ಮುಚ್ಚಿದ ಕೋಣೆಯಲ್ಲಿ ಸೇರಬಾರದು. ನಿಯಮ ಅನುಮತಿಸಿದರೆ ಬಯಲಿನಲ್ಲಿ, ಮುಖಗವಸು ಧರಿಸಿ, ಎರಡು ಗಜ ದೂರ ಕುಳಿತು, ಸ್ವಲ್ಪ ಹೊತ್ತಿನಲ್ಲೇ ಮುಗಿಸಬೇಕು.

ಕಾಲರಾ, ವಿಷಮಶೀತ ಜ್ವರ ಹರಡುವುದು ನೀರು, ಆಹಾರಗಳಿಂದ. ಸಭೆ ನಡೆಯಬಹುದು. ಪಂಕ್ತಿ ಊಟ ಬೇಡ, ಕುದಿಸಿ ಆರಿಸಿದ ನೀರೇ ಇರಲಿ.

ಡೆಂಗೆ, ಚಿಕೂನ್‌ಗುನ್ಯ ಸೊಳ್ಳೆಯಿಂದ, ನೆರೆಯ ಉತ್ತರ ಕನ್ನಡದಲ್ಲಿ ಕಾಣುವ ಮಂಗನ ಕಾಯಿಲೆ ಉಣ್ಣೆಯಿಂದ. ಇವುಗಳಲ್ಲಿ ಒಬ್ಬರ ಪಕ್ಕ ಒಬ್ಬರು ಕುಳಿತರೆ ರೋಗ ಅಂಟುವುದಿಲ್ಲ. ಇಂಥ ಹೊತ್ತಿನಲ್ಲಿ ಸಂಘ ಸೇರಬೇಕು, ನಿಂತ ನೀರು ತೆಗೆಯಲು ಕೈಜೋಡಿಸಬೇಕು.

ಯಾವ ನಿರ್ಬಂಧ ಎಂದು ನಿರ್ಧರಿಸುವುದು ಆರೋಗ್ಯ ಇಲಾಖೆಯ ಕೆಲಸ. ಆ ಮಾತನ್ನು ಮೀರಬೇಡಿ. ಮೀರದೆಯೇ ಸಂಘವನ್ನು ಉಳಿಸಿಕೊಳ್ಳುವ ದಾರಿಯಿದೆ.

ಹಾಜರಿ ಸರಪಳಿ

2020ರ ಜೂನ್‌ನಲ್ಲಿ ಹೊನೊಲುಲುವಿನಲ್ಲಿ ಸೇರಬೇಕಿದ್ದ ರೋಟರಿಯ ವಿಶ್ವ ಸಮ್ಮೇಳನ ಅಂತರ್ಜಾಲದಲ್ಲೇ ನಡೆಯಿತು. ದೊಡ್ಡ ಸಂಸ್ಥೆಗಳಿಗೆ ಅದು ಸರಿ. ಆದರೆ ನಮ್ಮ ಹಳ್ಳಿಯ ಸಂಘದಲ್ಲಿ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇಲ್ಲ, ಇದ್ದರೂ ಸಿಗ್ನಲ್ ಸಿಗುವುದು ಮಾಳಿಗೆ ಏರಿದಾಗಲೇ. ಚಿಂತೆ ಬೇಡ. ಗುಂಡಿ ಒತ್ತುವ ಸಾಧಾರಣ ಫೋನೇ ಸಾಕು.

ನಿಮ್ಮ ಸಂಘದಲ್ಲಿ 20 ಜನರಿದ್ದರೆ ಐದೈದು ಜನರ ನಾಲ್ಕು ಗುಂಪು ಮಾಡಿ. ಪ್ರತಿ ಗುಂಪಿಗೂ ಒಬ್ಬ ಮುಖ್ಯಸ್ಥರು. ಅವರು ತಮ್ಮ ಗುಂಪಿನ ಉಳಿದ ನಾಲ್ವರಿಗೆ ವಾರಕ್ಕೆ ಎರಡು ಸಲ ಫೋನ್ ಮಾಡಬೇಕು. ಅದರಲ್ಲಿ ಒಂದು ಸಲ, ಸಭೆ ಸೇರುತ್ತಿದ್ದ ವಾರ, ಸಭೆ ಸೇರುತ್ತಿದ್ದ ವೇಳೆಗೇ ಇರಲಿ. ಇದರಿಂದ ಮನಸ್ಸಿಗೆ 'ಇಂದು ನಮ್ಮ ಸಂಘದ ದಿನ' ಎಂಬ ಎಣಿಕೆ ಉಳಿಯುತ್ತದೆ. ನಾಲ್ವರು ಮುಖ್ಯಸ್ಥರು ಸಂಜೆ ಅಧ್ಯಕ್ಷರಿಗೆ ವರದಿ ಕೊಟ್ಟರೆ ಅರ್ಧ ಗಂಟೆಯಲ್ಲಿ 20 ಮನೆಗಳ ಹಾಜರಿ ಮುಗಿಯಿತು.

ಏನು ಕೇಳಬೇಕು? 'ಆರಾಮ ಇದ್ದೀರೇನ್ರಿ?' ಎಂದರೆ ನಮ್ಮ ಕಡೆಯ ಜನ 'ಆರಾಮ ಅದೇವ್ರಿ' ಎಂದೇ ಹೇಳುತ್ತಾರೆ, ಮೈ ಸುಡುತ್ತಿದ್ದರೂ ಸಹ! ಆದ್ದರಿಂದ ಬಿಡಿಸಿ ಕೇಳಿ.

1. 'ಕಾಕಾರ, ಮಧ್ಯಾಹ್ನ ಏನ್ ಉಂಡ್ರಿ?' ಹಸಿವು ಸತ್ತಿದೆಯೇ, ಮನೆಯಲ್ಲಿ ದಿನಸಿ ಇದೆಯೇ ಎಂಬ ಎರಡೂ ಸಂಗತಿ ಈ ಒಂದು ಪ್ರಶ್ನೆಯಿಂದ ಗೊತ್ತಾಗುತ್ತದೆ.

2. 'ಬಿ.ಪಿ. ಗುಳಿಗಿ ಇನ್ನೆಷ್ಟು ಉಳದಾವ್ರಿ?' ಇದೆಯೇ ಇಲ್ಲವೇ ಎಂದಲ್ಲ, ಎಷ್ಟು ಉಳಿದಿವೆ ಎಂದು ಎಣಿಸಲು ಹೇಳಿ. ಏಳಕ್ಕಿಂತ ಕಡಿಮೆ ಇದ್ದರೆ ಆ ದಿನವೇ ತರಿಸುವ ಏರ್ಪಾಡು ಮಾಡಿ.

3. 'ರಾತ್ರಿ ನಿದ್ದಿ ಹತ್ತತೈತೇನ್ರಿ?'

4. 'ಮನ್ಯಾಗ ಯಾರಿಗರ ಜ್ವರ, ಕೆಮ್ಮು ಐತೇನ್ರಿ, ಎಷ್ಟ ದಿನಾ ಆತು?' ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು.

5. 'ಈ ವಾರ ಯಾರ ಕೂಡ ಮಾತಾಡಿದ್ರಿ?' ಯಾರೂ ಇಲ್ಲ ಎಂದರೆ ಮಾತನ್ನು ಮೊಟಕು ಮಾಡಬೇಡಿ.

ಕೇಳುವಾಗ ಅವರ ಉಸಿರಿಗೂ ಕಿವಿಗೊಡಿ. ಒಂದು ವಾಕ್ಯ ಮುಗಿಸುವುದರೊಳಗೆ ಏದುಸಿರು ಬರುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಎದೆನೋವು ಇದ್ದರೆ, ಮಂಪರು ಇದ್ದರೆ ನಾಳೆಯವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ. ಬೆರಳಿಗೆ ಹಚ್ಚಿ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಸಂಘಕ್ಕೊಂದು ಇರಲಿ. ಉಸಿರಾಟದ ಸೋಂಕು ಇರುವವರಲ್ಲಿ ಅದರ ಅಂಕಿ 94ಕ್ಕಿಂತ ಕೆಳಗೆ ಇಳಿದರೆ ವೈದ್ಯರ ಬಳಿ ಹೋಗಲೇಬೇಕು. ಒಬ್ಬರಿಂದ ಒಬ್ಬರಿಗೆ ಕೊಡುವಾಗ ಅದನ್ನು ಸ್ಪಿರಿಟ್‌ನಿಂದ ಒರೆಸಿ. ಕಲಘಟಗಿಯ ತಾಲ್ಲೂಕು ಆಸ್ಪತ್ರೆ ಹತ್ತಿರವೋ, ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೇ ಹೋಗಬೇಕೋ, ವಾಹನ ಯಾರದು ಎಂಬುದು ಮೊದಲೇ ನಿಶ್ಚಯವಾಗಿರಲಿ.

ಸರಪಳಿಯಿಂದ ಜಾರಿಹೋಗುವವರು

ಕೆಲವರು ಫೋನಿಗೆ ಸಿಗುವುದಿಲ್ಲ. ಅವರೇ ಹೆಚ್ಚು ಅಪಾಯದಲ್ಲಿರುವವರು.

ಕಿವಿ ಮಂದವಾದ ಹಿರಿಯರಿಗೆ ಫೋನಿನ ಮಾತು ಕೇಳಿಸದು. ಎದುರಿಗಿರುವವರು ಮುಖಗವಸು ಹಾಕಿದರೆ ತುಟಿಯ ಚಲನೆಯೂ ಕಾಣದು. ಅಂಥವರ ಮನೆಯ ಅಂಗಳದಲ್ಲಿ ದೂರ ನಿಂತು ಕೈಸನ್ನೆಯಿಂದ, ಬರೆದು ತೋರಿಸಿ ವಿಚಾರಿಸಬೇಕು. ಅಕ್ಷರ ಬಾರದವರಿಗೆ ಗುಳಿಗೆಯ ಖಾಲಿ ಚೀಟಿ ತೋರಿಸಿದರೂ ಪ್ರಶ್ನೆ ಅರ್ಥವಾಗುತ್ತದೆ.

ಎಷ್ಟೋ ಮನೆಗಳಲ್ಲಿ ಫೋನು ಗಂಡನ ಅಥವಾ ಮಗನ ಕಿಸೆಯಲ್ಲಿರುತ್ತದೆ. ಆ ತಾಯಂದಿರಿಗೆ ಫೋನ್ ಸಿಗುವ ವೇಳೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಹೆಣ್ಣುಮಕ್ಕಳು ಮನೆಯವರ ಎದುರು ಹೇಳಲಾಗದ ಮಾತುಗಳೂ ಇರುತ್ತವೆ. ನೀರು ತರುವ ನೆವದಲ್ಲಿ, ಬೇಲಿಯ ಆಚೆ ಈಚೆ ನಿಂತು ಕೇಳಿದರೆ ಹೊಡೆತ ಬಡಿತದ ಸಂಗತಿಯೂ ಹೊರಬೀಳಬಹುದು.

ಇನ್ನು ಹಾಲಿನ ಡೇರಿ. ಲಾಕ್‌ಡೌನ್‌ನಲ್ಲಿಯೂ ಹಾಲು ಸಂಗ್ರಹಣೆಗೆ ಅನುಮತಿ ಇತ್ತು. ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವವರು ಯಾರು, ಬಾರದವರು ಯಾರು ಎಂಬುದು ಡೇರಿಯ ಪುಸ್ತಕದಲ್ಲಿಯೇ ಇರುತ್ತದೆ. ಎರಡು ಹೊತ್ತು ಹಾಲು ಬಾರದ ಮನೆಯ ಸುದ್ದಿ ನಿಮ್ಮ ಸಂಘಕ್ಕೆ ತಲುಪುವಂತೆ ಕಾರ್ಯದರ್ಶಿಗೆ ಹೇಳಿಡಿ.

ಬರೇ ಮಾತು ಸಾಲದು, ಕೆಲಸ ಬೇಕು

ಸೇವಾ ಸಂಘವನ್ನು ಹಿಡಿದಿಡುವುದು ಸೇವೆಯೇ. ಕೆಲಸವಿಲ್ಲದ ಸಂಘದಲ್ಲಿ ನಾಲ್ಕು ವಾರಕ್ಕೆ ಫೋನೂ ನಿಲ್ಲುತ್ತದೆ. ಮನೆಯಲ್ಲೇ ಕುಳಿತು ಮಾಡುವ ಕೆಲಸವನ್ನು ಎಲ್ಲರಿಗೂ ಹಂಚಿ. 2020ರ ಏಪ್ರಿಲ್ ವೇಳೆಗೆ ದೇಶದ 27 ರಾಜ್ಯಗಳಲ್ಲಿ 20 ಸಾವಿರಕ್ಕೂ ಹೆಚ್ಚು ಸ್ವಸಹಾಯ ಸಂಘಗಳು 1 ಕೋಟಿ 90 ಲಕ್ಷಕ್ಕೂ ಹೆಚ್ಚು ಮುಖಗವಸು ಹೊಲಿದಿದ್ದವು ಎಂದು ವಿಶ್ವ ಬ್ಯಾಂಕ್ ದಾಖಲಿಸಿದೆ. ಒಬ್ಬರು ಬಟ್ಟೆ ಕತ್ತರಿಸಿ, ಇನ್ನೊಬ್ಬರು ಹೊಲಿದು, ಮತ್ತೊಬ್ಬರು ಲೆಕ್ಕ ಬರೆದಾಗ ಸಭೆ ಸೇರದೆಯೇ ಸಂಘ ನಡೆಯಿತು.

ಹಿರಿಯರನ್ನು 'ನೀವು ಸುಮ್ಮನೆ ಕುಳಿತಿರಿ' ಎಂದು ಮೂಲೆಗೆ ಸರಿಸಬೇಡಿ. ಫೋನ್ ಮಾಡುವ ಕೆಲಸಕ್ಕೆ ಅವರಷ್ಟು ತಾಳ್ಮೆ ಬೇರೆ ಯಾರಿಗಿದೆ? ದಿನಕ್ಕೆ ನಾಲ್ವರನ್ನು ವಿಚಾರಿಸುವ ಹೊಣೆ ಹೊತ್ತ ಅಜ್ಜಿಗೆ ತನ್ನ ಮಂಡಿನೋವೂ ಸ್ವಲ್ಪ ಮರೆಯುತ್ತದೆ. ವಿಚಾರಿಸಿಕೊಂಡವರಿಗೆ ಆಗುವಷ್ಟೇ ಲಾಭ ವಿಚಾರಿಸಿದವರಿಗೂ ಆಗುತ್ತದೆ.

ಸಾಲದ ಚಿಂತೆಯೂ ರಕ್ತದೊತ್ತಡ ಏರಿಸುತ್ತದೆ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 27ರಂದು ಕಂತುಗಳಿಗೆ ಮೂರು ತಿಂಗಳ ಬಿಡುವು ನೀಡಲು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತು. ಅದು ಮುಂದೆ ಆಗಸ್ಟ್ ಕೊನೆಯವರೆಗೆ ವಿಸ್ತರಿಸಿತು. ಇಂಥ ಸುದ್ದಿಯನ್ನು, ಬಡ್ಡಿ ನಿಲ್ಲುವುದಿಲ್ಲ ಎಂಬ ವಿವರವನ್ನೂ ಸೇರಿಸಿ, ಸದಸ್ಯರಿಗೆ ಸರಿಯಾಗಿ ಮುಟ್ಟಿಸುವುದೂ ಸಂಘದ ಆರೋಗ್ಯಸೇವೆಯೇ.

ಸುದ್ದಿಯ ಸೋಂಕು

ಆ ದಿನಗಳಲ್ಲಿ ಗಾಳಿಸುದ್ದಿ ರೋಗಾಣುವಿಗಿಂತ ಬೇಗ ಓಡಿತು. ಬಹಳ ಸಲ ದಾಟಿಬಂದ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಮಾತ್ರ ಕಳಿಸಬಹುದು ಎಂದು ವಾಟ್ಸ್‌ಆ್ಯಪ್ 2020ರ ಏಪ್ರಿಲ್‌ನಲ್ಲಿ ಮಿತಿ ಹಾಕಬೇಕಾಯಿತು. ನಿಮ್ಮ ಸಂಘದ ಗುಂಪಿಗೂ ಒಂದು ನಿಯಮವಿರಲಿ. ಔಷಧ, ಲಸಿಕೆ, ಪಥ್ಯದ ಸಂದೇಶವನ್ನು ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೋ ತೋರಿಸದೆ ಯಾರೂ ಮುಂದೆ ಕಳಿಸಬಾರದು. ರೋಗ ಬಂದವರ ಹೆಸರನ್ನು ಗುಂಪಿನಲ್ಲಿ ಹಾಕಲೇಬಾರದು. ಹೆಸರು ಬಯಲಾಗುವ ಭಯಕ್ಕೆ ಜನ ರೋಗ ಮುಚ್ಚಿಡುತ್ತಾರೆ. ಮುಚ್ಚಿಟ್ಟ ರೋಗ ಮನೆಮಂದಿಗೆಲ್ಲ ಹರಡುತ್ತದೆ.

ಸಾವು ಕಂಡ ಮನೆ

2020ರಲ್ಲಿ ಅಂತ್ಯಕ್ರಿಯೆಗೆ 20 ಜನರ ಮಿತಿ ಇತ್ತು. ಊರೇ ಬಂದು ಕುಳಿತು ಅಳುವ ನಮ್ಮ ಪದ್ಧತಿಯಲ್ಲಿ ದುಃಖ ಹಗುರವಾಗುತ್ತಿತ್ತು. ಅದು ತಪ್ಪಿದಾಗ ದುಃಖ ಒಳಗೇ ಹೆಪ್ಪುಗಟ್ಟಿತು. ಇಂಥ ಮನೆಗೆ ಮೊದಲ ವಾರ ದಿನವೂ, ಆಮೇಲೆ ವಾರಕ್ಕೊಮ್ಮೆ, ತಿಂಗಳು ತುಂಬಿದ ದಿನ ತಪ್ಪದೆ ಫೋನ್ ಮಾಡಿ. ಉಪದೇಶ ಬೇಡ, ಸತ್ತವರ ಬಗ್ಗೆ ಅವರು ಹೇಳುವುದನ್ನು ಕೇಳಿ.

ಎರಡು ವಾರ ಮೀರಿ ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ವಿನಾಕಾರಣ ಅಳು, 'ನಾನಿದ್ದು ಏನು ಮಾಡಲಿ' ಎಂಬ ಮಾತು ಇವು ಖಿನ್ನತೆಯ ಲಕ್ಷಣಗಳು. ಇದು ಗಾಳಿಯೂ ಅಲ್ಲ, ಮಾಟವೂ ಅಲ್ಲ. ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ನಮಗೆ ಹತ್ತಿರದಲ್ಲೇ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು. ಸಾಯುವ ಮಾತಾಡಿದವರನ್ನು ಒಂಟಿಯಾಗಿ ಬಿಡಬೇಡಿ.

ಬಾಗಿಲು ತೆರೆದ ಮೇಲೆ

ನಿರ್ಬಂಧ ಮುಗಿದು ಮೊದಲ ಸಭೆ ಸೇರಿದಾಗ ಎಲ್ಲರೂ ಬರುವುದಿಲ್ಲ. ಗಂಡನನ್ನು ಕಳೆದುಕೊಂಡಾಕೆ, ರೋಗದಿಂದ ಎದ್ದರೂ ಸುಸ್ತು ಹೋಗದವರು, ಕಂತು ಕಟ್ಟಲಾಗದೆ ನಾಚಿಕೊಂಡವರು ಹಿಂದೆ ಉಳಿಯುತ್ತಾರೆ. 'ಬರದಿದ್ದರೆ ಬಿಡಲಿ' ಎನ್ನಬೇಡಿ. ಇಬ್ಬರು ಹೋಗಿ ಕರೆತನ್ನಿ.

ಮತ್ತೊಂದು ಮಾತು. ಹಾಸಿಗೆ ಹಿಡಿದವರಿಗೆ, ಪಾರ್ಶ್ವವಾಯು ಪೀಡಿತರಿಗೆ, ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ ಒಂಟಿಯಾದ ಹಿರಿಯರಿಗೆ ವರ್ಷವಿಡೀ ಲಾಕ್‌ಡೌನ್ ಇದ್ದಂತೆಯೇ. ಹಾಜರಿ ಸರಪಳಿಗೆ ಅಂಥ ಎರಡು-ಮೂರು ಹೆಸರುಗಳನ್ನು ಇಂದೇ ಸೇರಿಸಿ. ಆಗ ಸರಪಳಿ ತುಕ್ಕು ಹಿಡಿಯದೆ ಬಳಕೆಯಲ್ಲಿರುತ್ತದೆ, ಮುಂದೆ ಸಾಂಕ್ರಾಮಿಕ ಬಂದರೂ ಹೊಸದಾಗಿ ಕಲಿಯಬೇಕಿಲ್ಲ.

ನೆನಪಿಡಿ

* ಸದಸ್ಯರ ಹೆಸರು, ಫೋನ್ ಸಂಖ್ಯೆ, ಸಿಗುವ ವೇಳೆ, ದಿನವೂ ತೆಗೆದುಕೊಳ್ಳುವ ಔಷಧಗಳನ್ನು ಒಂದು ವಹಿಯಲ್ಲಿ ಬರೆದಿಡಿ. ಆ ವಹಿ ಇಬ್ಬರ ಬಳಿ ಮಾತ್ರ ಇರಲಿ.

* ರೋಗ ಹರಡುವ ಬಗೆ ತಿಳಿದು ಸಭೆಯ ಬಗೆ ನಿರ್ಧರಿಸಿ. ಸರ್ಕಾರದ ನಿಯಮ ಮೀರಬೇಡಿ.

* ಐದು ಮನೆಗೆ ಒಬ್ಬರು, ವಾರಕ್ಕೆ ಎರಡು ಕರೆ, ಐದು ಪ್ರಶ್ನೆ.

* ಫೋನಿಗೆ ಸಿಗದವರ ಅಂಗಳಕ್ಕೆ ಹೋಗಿ, ದೂರ ನಿಂತು ವಿಚಾರಿಸಿ.

* ಎಲ್ಲರಿಗೂ ಒಂದೊಂದು ಕೆಲಸ ಇರಲಿ, ಹಿರಿಯರಿಗೂ.

* ತುರ್ತಿಗೆ 108, ಮನಸ್ಸಿನ ನೋವಿಗೆ 14416.

ಮುಂದಿನ ಸಭೆಯಲ್ಲಿ ಹಾಜರಿ ತೆಗೆದುಕೊಂಡ ಮೇಲೆ ಐದು ನಿಮಿಷ ಬಿಡುವು ಮಾಡಿಕೊಂಡು ಈ ವಹಿಯ ಮೊದಲ ಪುಟ ಬರೆಯಿರಿ. ಅದಕ್ಕೆ ತಗಲುವ ಖರ್ಚು ಒಂದು ನೋಟುಪುಸ್ತಕದ ಬೆಲೆ ಮಾತ್ರ.